ಶೃಂಗಾರದ ಬಿಗುವು: ನಂಜುಂಡ-ಚಾಮುಂಡಿ ಕಥನದಿಂದ ವಿಡಿಯೋ ಗೇಮಿನ ಸಂಭಾಷಣೆಯವರೆಗೆ

ವಿಡಿಯೋ ಗೇಮನ್ನು ಮಕ್ಕಳ ಕಾಲಹರಣವೆಂದು ಬದಿಗಿಡುವ ಕಾಲ ಮುಗಿದಿದೆ. ಹತ್ತಾರು ಗಂಟೆಗಳ ಕಥೆ, ಸಾವಿರಾರು ಸಾಲುಗಳ ಸಂಭಾಷಣೆ, ಬಹುಪಾತ್ರಗಳ ಮನೋವ್ಯಾಪಾರ, ಇವೆಲ್ಲವನ್ನೂ ಒಳಗೊಂಡ ಕಥನಪ್ರಕಾರವಾಗಿ ಅದು ಬೆಳೆದಿದೆ. ಕರ್ನಾಟಕ ಸರ್ಕಾರವು 2012ರಲ್ಲಿಯೇ ಅನಿಮೇಷನ್, ವಿಷುಯಲ್ ಎಫೆಕ್ಟ್ಸ್, ಗೇಮಿಂಗ್ ಹಾಗೂ ಕಾಮಿಕ್ಸ್ ಕ್ಷೇತ್ರಕ್ಕೆಂದು ಪ್ರತ್ಯೇಕ ನೀತಿಯನ್ನು ರೂಪಿಸಿತು. 2024ರಿಂದ 2029ರ ಅವಧಿಗೆ ಅದರ ಪರಿಷ್ಕೃತ ರೂಪವೂ ಬಂದಿದೆ. ನೀತಿಗಳ ಗಮನ ಸಹಜವಾಗಿಯೇ ಉದ್ಯಮ, ತಂತ್ರಜ್ಞಾನ ಮತ್ತು ಉದ್ಯೋಗಗಳ ಕಡೆಗೆ. ಆದರೆ ಪಾತ್ರಗಳ ಬಾಯಲ್ಲಿ ಬರಬೇಕಾದ ಮಾತನ್ನು ಬರೆಯುವವರು ಯಾರು, ಯಾವ ಪರಂಪರೆಯನ್ನು ನೆನೆದು ಬರೆಯುತ್ತಾರೆ ಎಂಬುದು ಕನ್ನಡ ಅಧ್ಯಯನಕ್ಕೆ ಸೇರಿದ ಪ್ರಶ್ನೆ. ಅದರಲ್ಲಿಯೂ ಇಬ್ಬರ ನಡುವಿನ ಒಲವನ್ನು, ಕಾಮದ ಸೆಳೆತವನ್ನು ಬರೆಯುವುದು ಅತ್ಯಂತ ಕಷ್ಟದ ಕೆಲಸ. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ಸೀಮೆಯ ಕಥನಗಳನ್ನು ಆಧಾರವಾಗಿಟ್ಟುಕೊಂಡು ಆ ಕಷ್ಟದ ಸ್ವರೂಪವನ್ನು ವಿವರಿಸುವುದು ಈ ಲೇಖನದ ಉದ್ದೇಶ.

ನಮ್ಮ ಅಲಂಕಾರಶಾಸ್ತ್ರ ಶೃಂಗಾರವನ್ನು ಸಂಭೋಗ, ವಿಪ್ರಲಂಭ ಎಂದು ವಿಭಾಗಿಸುತ್ತದೆ. ಇಂದಿನ ಬರಹಗಾರರು ಪಾತ್ರಗಳ ನಡುವಿನ ಬಿಗುವು ಎಂದು ಕರೆಯುವುದು ಬಹುಮಟ್ಟಿಗೆ ಎರಡನೆಯದರ ವ್ಯಾಪ್ತಿಗೆ, ಅದರಲ್ಲೂ ಪೂರ್ವಾನುರಾಗ ಮತ್ತು ಮಾನ ಎಂಬ ಅವಸ್ಥೆಗಳಿಗೆ ಸೇರಿದುದು. ಒಲವು ಇದೆ, ಕೂಟವಿಲ್ಲ. ಇಬ್ಬರಿಗೂ ಗೊತ್ತು, ಇಬ್ಬರೂ ಹೇಳುವುದಿಲ್ಲ. ಆದರೆ ಕಾವ್ಯದ ಓದುಗ ಈ ಅವಸ್ಥೆಯನ್ನು ಹೊರಗಿನಿಂದ ಆಸ್ವಾದಿಸುತ್ತಾನೆ; ಗೇಮಿನ ಆಟಗಾರನಾದರೋ ಇಬ್ಬರಲ್ಲಿ ಒಬ್ಬನಾಗಿ ಒಳಗೇ ನಿಂತಿರುತ್ತಾನೆ. ಅವನ ಕೈಯಲ್ಲಿ ಗುಂಡಿಯಿದೆ, ಮುಂದಿನ ಮಾತನ್ನು ಅವನೇ ಆರಿಸಬೇಕು. ರಸಿಕನೂ ನಾಯಕನೂ ಒಬ್ಬನೇ ಆಗುವ ಈ ಸ್ಥಿತಿಯನ್ನು ಹಳೆಯ ಲಾಕ್ಷಣಿಕರು ಊಹಿಸಿರಲಾರರು.

ಗೇಮು ಒಲವನ್ನು ಸಾಮಾನ್ಯವಾಗಿ ಅಂಕಿಯಾಗಿಸಿ ಅಳೆಯುತ್ತದೆ. 1994ರಲ್ಲಿ ಜಪಾನಿನ ಕೊನಾಮಿ ಸಂಸ್ಥೆ ಹೊರತಂದ ‘ಟೋಕಿಮೆಕಿ ಮೆಮೋರಿಯಲ್’ ಇದರ ಪ್ರಸಿದ್ಧ ನಿದರ್ಶನ. ಶಾಲೆಯ ಮೂರು ವರ್ಷಗಳಲ್ಲಿ ನಾಯಕ ಹುಡುಗಿಯೊಬ್ಬಳ ಮನಸ್ಸು ಗೆಲ್ಲಬೇಕು. ಯಾರನ್ನಾದರೂ ಬಹಳ ದಿನ ಕಡೆಗಣಿಸಿದರೆ ಅವಳ ಅಸಮಾಧಾನ ಬಾಂಬಿನ ಚಿಹ್ನೆಯಾಗಿ ಕಾಣಿಸಿಕೊಂಡು, ಅದು ಸಿಡಿದಾಗ ಉಳಿದವರ ಒಲವೂ ಕುಸಿಯುತ್ತದೆ. 2009ರ ‘ಡ್ರ್ಯಾಗನ್ ಏಜ್: ಆರಿಜಿನ್ಸ್’ ಆಟದಲ್ಲಿ ಉಡುಗೊರೆ ಕೊಟ್ಟರೆ ಮೆಚ್ಚುಗೆಯ ಅಂಕ ಏರುತ್ತದೆ. ಇಲ್ಲಿನ ತೊಡಕು ಸ್ಪಷ್ಟ. ಸರಿಯಾದ ಮಾತು, ಸರಿಯಾದ ವಸ್ತು, ಸಾಕಷ್ಟು ತಾಳ್ಮೆ ಇದ್ದರೆ ಎದುರಿನ ಪಾತ್ರ ಒಲಿಯಲೇಬೇಕು ಎಂದಾದಾಗ ಆ ಪಾತ್ರಕ್ಕೆ ಸ್ವಂತ ಇಚ್ಛೆ ಇಲ್ಲವಾಗುತ್ತದೆ. ಇಚ್ಛೆಯಿಲ್ಲದಲ್ಲಿ ಬಿಗುವಿಲ್ಲ, ಉಳಿಯುವುದು ವ್ಯಾಪಾರ. 2011ರ ‘ಡ್ರ್ಯಾಗನ್ ಏಜ್ 2’ ಈ ಕೊರತೆಯನ್ನು ಗಮನಿಸಿದಂತಿದೆ. ಅಲ್ಲಿ ಸ್ನೇಹದ ಹಾದಿಯಂತೆ ಸ್ಪರ್ಧೆಯ ಹಾದಿಯೂ ಇದ್ದು, ಪದೇಪದೇ ಭಿನ್ನಾಭಿಪ್ರಾಯ ತಾಳಿದವರ ನಡುವೆಯೂ ಪ್ರೇಮ ಸಾಧ್ಯ. ಜಗಳವೂ ಒಲವಿನ ಭಾಷೆಯಾಗಬಲ್ಲದೆಂಬ ಈ ತಿಳಿವಳಿಕೆ ಕಪಿಲೆಯ ದಡದ ಹಾಡುಗಾರರಿಗೆ ಹೊಸದೇನಲ್ಲ.

ಮೈಸೂರು ಸೀಮೆಯ ಮೌಖಿಕ ಪರಂಪರೆಯಲ್ಲಿ ನಂಜನಗೂಡಿನ ನಂಜುಂಡನಿಗೂ ಬೆಟ್ಟದ ಚಾಮುಂಡಿಗೂ ಪ್ರೇಮಸಂಬಂಧವಿದೆ. ಮಾರ್ಕಂಡೇಯ ಪುರಾಣದ ದೇವೀಮಾಹಾತ್ಮ್ಯೆಯಲ್ಲಿ ಮಹಿಷನನ್ನು ಕೊಲ್ಲುವ ದೇವಿ ಯಾರ ಮಡದಿಯಾಗಿಯೂ ಅಲ್ಲಿ ನಿಲ್ಲುವುದಿಲ್ಲ. ಜನಪದರು ಅವಳ ಕಥೆಯನ್ನು ವಧೆಗೆ ಮುಗಿಸದೆ ಮುಂದುವರಿಸಿದರು. ನೆತ್ತರು ನೆಲಕ್ಕೆ ಬೀಳದಂತೆ ನಾಲಗೆ ಚಾಚಿ ನೆರವಾದ ತಂಗಿ ಉತ್ತನಹಳ್ಳಿಯನ್ನು ಬೆಟ್ಟದ ತಪ್ಪಲಲ್ಲಿ ನೆಲೆಗೊಳಿಸಿದರು. ಅಕ್ಕನಿಗೆ ಮೈಸೂರಿನಿಂದ ಸುಮಾರು 23 ಕಿಲೋಮೀಟರು ದೂರದ ನಂಜನಗೂಡಿನಲ್ಲಿ ಒಬ್ಬ ನಲ್ಲನನ್ನು ಕೊಟ್ಟರು. ಆ ನಲ್ಲನಿಗಾದರೋ ಮನೆಯಲ್ಲಿ ದೇವೀರಿ ಇದ್ದಾಳೆ. ಪಿ.ಕೆ. ರಾಜಶೇಖರ ಅವರು ಸಂಪಾದಿಸಿದ ‘ಬೆಟ್ಟದ ಚಾಮುಂಡಿ’ ಈ ವಸ್ತುವಿಗೆ ಮುಖ್ಯ ಆಕರ. ಹಾಡಿನಿಂದ ಹಾಡಿಗೆ ವಿವರಗಳು ಬದಲಾಗುತ್ತವೆ, ಆದರೆ ಮೂವರ ಸಂಬಂಧದ ಚೌಕಟ್ಟು ಬದಲಾಗುವುದಿಲ್ಲ.

ಈ ಚೌಕಟ್ಟಿನಲ್ಲಿ ಗಮನಿಸಬೇಕಾದುದು ಬಲದ ಹಂಚಿಕೆ. ಚಾಮುಂಡಿ ಕಾದು ಕುಳಿತ ಮುಗ್ಧೆಯಲ್ಲ, ರಾಕ್ಷಸನನ್ನು ಕೊಂದವಳು. ಅವಳ ಬೆಟ್ಟಕ್ಕೆ ಅವಳೇ ಒಡತಿ. ನಂಜುಂಡ ವಿಷವನ್ನು ನುಂಗಿದ ದೇವರಾದರೂ ಹೆಂಡತಿಯ ಕಣ್ಣು ತಪ್ಪಿಸಬೇಕಾದವನು. ಹೊರಗಣ್ಣಿಗೆ ಇಬ್ಬರೂ ಪ್ರಬಲರು, ಒಲವಿನ ವಿಷಯದಲ್ಲಿ ಇಬ್ಬರೂ ದುರ್ಬಲರು. ಅವನು ಬಂದರೆ ಮನೆ ಕೆಡುತ್ತದೆ, ಅವಳು ಒಪ್ಪಿದರೆ ಸವತಿಯಾಗಬೇಕಾಗುತ್ತದೆ. ಯಾರೊಬ್ಬರೂ ಏನನ್ನೂ ಕಳೆದುಕೊಳ್ಳದೆ ಮುಂದಡಿ ಇಡಲಾರರು. ಬಿಗುವು ಹುಟ್ಟುವುದು ಇಲ್ಲಿ, ರೂಪವರ್ಣನೆಯಿಂದಲ್ಲ. ಗೇಮಿನ ಬರಹಗಾರರು ಪ್ರೇಮಪಾತ್ರವನ್ನು ಕಲ್ಪಿಸುವಾಗ ಮೊದಲು ಮುಖವನ್ನು ಚಿತ್ರಿಸಿ ಕೊನೆಗೆ ಅಡ್ಡಿಯನ್ನು ಹುಡುಕುವುದುಂಟು. ನಮ್ಮ ಹಾಡುಗಾರರು ಅಡ್ಡಿಯಿಂದ ಆರಂಭಿಸಿದರು ಎಂಬುದು ನನ್ನ ಗ್ರಹಿಕೆ.

ದೇವೀರಿಯ ಪಾತ್ರವನ್ನು ಜಪಾನಿನ ಆಟದ ಆ ಬಾಂಬಿನೊಡನೆ ಹೋಲಿಸಿ ನೋಡಬಹುದು. ಅಲ್ಲಿ ಕಡೆಗಣಿತಳ ಕೋಪ ಒಂದು ದಂಡ, ಆಟಗಾರ ನಿರ್ವಹಿಸಬೇಕಾದ ಅಪಾಯ. ಇಲ್ಲಿ ಕಡೆಗಣಿತಳಿಗೆ ಬಾಯಿದೆ. ಸವತಿಯರ ಜಗಳದಲ್ಲಿ ಕೇಳುಗರ ಅನುಕಂಪ ಒಮ್ಮೆ ಇವಳ ಕಡೆಗೆ, ಒಮ್ಮೆ ಅವಳ ಕಡೆಗೆ ವಾಲುತ್ತದೆ, ನಂಜುಂಡ ನಗೆಗೀಡಾಗುತ್ತಾನೆ. ಮೂರನೆಯವಳನ್ನು ಕೇವಲ ತಡೆಗೋಡೆಯಾಗಿ ಬರೆದಿದ್ದರೆ ಈ ಕಥೆ ಇಷ್ಟು ಕಾಲ ಬಾಳುತ್ತಿರಲಿಲ್ಲ.

ಪ್ರದರ್ಶನದ ಕ್ರಮವನ್ನೂ ಮರೆಯುವಂತಿಲ್ಲ. ನೀಲಗಾರರು, ಕಂಸಾಳೆಯ ದೇವರಗುಡ್ಡರು ಈ ಸೀಮೆಯಲ್ಲಿ ಕಥನವನ್ನು ಮುನ್ನಡೆಸುವ ರೀತಿಯಲ್ಲಿ ಮುಖ್ಯ ಗಾಯಕ ಒಂದು ಸಾಲು ಹೇಳಿ ನಿಲ್ಲುತ್ತಾನೆ, ಹಿಮ್ಮೇಳದವರು ಸೊಲ್ಲು ಎತ್ತುತ್ತಾರೆ, ಮುಂದಿನ ಸಾಲಿಗೆ ಕೇಳುಗ ಕಾಯಬೇಕು. ಮಾತಿಗೂ ಉತ್ತರಕ್ಕೂ ನಡುವೆ ಸಂಗೀತ ತುಂಬಿದ ಈ ಬಿಡುವು ಶೃಂಗಾರದ ಸಂದರ್ಭದಲ್ಲಿ ಎಂತಹ ಕೆಲಸ ಮಾಡುತ್ತದೆಂಬುದನ್ನು ಇಡೀ ರಾತ್ರಿಯ ಹಾಡು ಕೇಳಿದವರು ಬಲ್ಲರು. ಗೇಮಿನಲ್ಲಿ ಆಟಗಾರ ಗುಂಡಿ ಒತ್ತಿ ಮಾತನ್ನು ಹಾರಿಸಿಬಿಡಬಹುದು. ಆದ್ದರಿಂದ ಅಲ್ಲಿ ವಿಳಂಬವನ್ನು ಮಾತಿನ ನಡುವೆ ಇಡದೆ ಕಾರ್ಯಗಳ ನಡುವೆ ಇಡಬೇಕಾಗುತ್ತದೆ: ಒಂದು ಅರೆಮಾತಿನ ಬಳಿಕ ನದಿ ದಾಟುವ ಕೆಲಸ, ಒಂದು ನಿರಾಕರಣೆಯ ಬಳಿಕ ಬೆಟ್ಟ ಇಳಿಯುವ ದಾರಿ.

ನಿರಾಕರಣೆಯ ಪ್ರಸ್ತಾಪ ಬಂದಾಗ ಮಲೆಮಾದೇಶ್ವರ ಕಾವ್ಯದ ಸಂಕಮ್ಮನನ್ನು ನೆನೆಯಲೇಬೇಕು. ಕಾಡಿಗೆ ಹೊರಟ ಗಂಡ ನೀಲೇಗೌಡ ಅವಳಿಂದ ಪಾತಿವ್ರತ್ಯದ ಭಾಷೆ ಕೇಳುತ್ತಾನೆ, ಅವಳು ಕೊಡುವುದಿಲ್ಲ, ಚಿತ್ರಹಿಂಸೆ ಕೊಟ್ಟು ಗುಡಿಸಲಿನಲ್ಲಿ ಕಟ್ಟಿಹಾಕಿ ಹೋಗುತ್ತಾನೆ. ಗಂಡನನ್ನು ಒಲ್ಲದವಳಲ್ಲ ಅವಳು, ಅಪನಂಬಿಕೆಯ ಮಾತನ್ನು ಒಲ್ಲದವಳು. ಹೆಣ್ಣಿನ ‘ಇಲ್ಲ’ ಎಂಬುದು ಮುಂದೆ ‘ಹೂಂ’ ಆಗಲಿರುವ ತಾತ್ಕಾಲಿಕ ತಡೆ ಎಂದು ಭಾವಿಸುವ ಗೇಮುಗಳಿಗೆ ಈ ಪ್ರಸಂಗ ನೇರವಾದ ಪ್ರತಿವಾದ. ಬಿಗುವನ್ನು ಬರೆಯುವುದು ಬೇರೆ, ಬಲಾತ್ಕಾರವನ್ನು ಬಿಗುವೆಂದು ತೋರಿಸುವುದು ಬೇರೆ. ಈ ವ್ಯತ್ಯಾಸವನ್ನು ಕಾವ್ಯ ಕಟ್ಟಿದವರು ಬಲ್ಲವರಾಗಿದ್ದರು.

ಇನ್ನು ಭಾಷೆಯ ಮಾತು. ಇಂಗ್ಲಿಷಿನಲ್ಲಿ ಎದುರಿನವರಿಗೆ ಒಂದೇ ಸರ್ವನಾಮ. ಕನ್ನಡದಲ್ಲಿ ‘ನೀವು’ ಇದ್ದುದು ‘ನೀನು’ ಆಗುವ ಗಳಿಗೆಯೇ ಒಂದು ಘಟನೆ. ‘ಬನ್ನಿ’ ಎನ್ನುತ್ತಿದ್ದವಳು ‘ಬಾ’ ಎಂದರೆ ಆಟಗಾರನಿಗೆ ಅಂಕಿಯ ಅಗತ್ಯವಿಲ್ಲ. ಹಾಗೆಯೇ ಸಿಟ್ಟಿನಲ್ಲಿ ‘ನೀನು’ ಮರಳಿ ‘ನೀವು’ ಆದರೆ ಅದು ಮಾನ. ಗಂಡನ ಹೆಸರು ಹೇಳದ ಸಂಪ್ರದಾಯ, ಮದುವೆಯಲ್ಲಿ ಸುತ್ತಿನವರ ಒತ್ತಾಯಕ್ಕೆ ಒಗಟಿನೊಳಗೆ ಅದನ್ನು ಅಡಗಿಸಿ ಹೇಳುವ ಪದ್ಧತಿ, ಇವೂ ಇಂತಹ ಸಾಮಗ್ರಿಯೇ. ತಾಂತ್ರಿಕವಾಗಿ ಇದಕ್ಕೆ ಬೆಲೆಯುಂಟು: ಸರ್ವನಾಮ ಬದಲಾಗುವ ಗಳಿಗೆ ಆಟಗಾರನ ಆಯ್ಕೆಯನ್ನು ಅವಲಂಬಿಸಿದರೆ ಅಲ್ಲಿಂದಾಚೆಗಿನ ಪ್ರತಿ ಸಾಲನ್ನೂ ಎರಡು ಬಗೆಯಲ್ಲಿ ಬರೆದು ಧ್ವನಿಮುದ್ರಿಸಬೇಕು. ಇಂಗ್ಲಿಷಿನ ಸಂಭಾಷಣೆಯನ್ನು ಅನುವಾದಿಸಿಕೊಂಡರೆ ಈ ಸೂಕ್ಷ್ಮವೇ ಮಾಯವಾಗುತ್ತದೆ.

ನಂಜನಗೂಡು ಸೀಮೆಯ ಆಡುಮಾತಿನಲ್ಲಿ ಬರೆದ ದೇವನೂರ ಮಹಾದೇವರ ‘ಕುಸುಮಬಾಲೆ’ ಇನ್ನೊಂದು ದಾರಿಯನ್ನು ತೋರಿಸುತ್ತದೆ. ಮೇಲುಜಾತಿಯ ಕುಸುಮ ಮತ್ತು ದಲಿತ ಯುವಕ ಚನ್ನನ ಪ್ರೇಮ ಅಲ್ಲಿ ಕೊಲೆಗೆ ಕಾರಣವಾಗುವಷ್ಟು ತೀವ್ರ, ಆದರೆ ಓದುಗನಿಗೆ ಅದು ತಲಪುವುದು ಬಹುಪಾಲು ಇತರರ ಮಾತಿನಿಂದ, ಮಧ್ಯರಾತ್ರಿ ಕೂಡುವ ಜೋತಮ್ಮಗಳಿಂದ. ಪ್ರೇಮಿಗಳನ್ನು ಎದುರುಬದುರು ನಿಲ್ಲಿಸದೆಯೂ ಅವರ ನಡುವಿನ ಬಿಸಿಯನ್ನು ಕಾಣಿಸಬಹುದು. ಊರಿನ ಗುಸುಗುಸು, ಬಿಟ್ಟುಹೋದ ವಸ್ತು, ಖಾಲಿ ಮನೆ ಇವುಗಳಿಂದ ಕಥೆ ಹೇಳುವುದು ಗೇಮಿಗೆ ಸಹಜವಾಗಿ ಒಗ್ಗುವ ಕ್ರಮ.

ನಂಜುಂಡ-ಚಾಮುಂಡಿಯರನ್ನೇ ಗೇಮಿನ ಪಾತ್ರಗಳಾಗಿಸಬಹುದೇ? ಅವರು ಇಂದಿಗೂ ಪೂಜೆಗೊಳ್ಳುವ ದೇವರು. ಅವರನ್ನು ಆಟಗಾರನ ಬೆರಳಿಗೆ ಒಪ್ಪಿಸುವುದನ್ನು ಭಕ್ತರು ಸಹಿಸಲಾರರು. ಹಾಡುಗಾರ ಆ ಸಲಿಗೆಯನ್ನು ದೀಕ್ಷೆಯಿಂದಲೂ ಭಕ್ತಿಯಿಂದಲೂ ಪಡೆದವನು, ಗೇಮಿನ ಕಂಪನಿ ಹಾಗೆ ಪಡೆದುದಲ್ಲ. ಆದುದರಿಂದ ಚೌಕಟ್ಟನ್ನು ತೆಗೆದುಕೊಂಡು ಹೆಸರುಗಳನ್ನು ಬಿಡುವುದು ಯುಕ್ತವೆಂದು ತೋರುತ್ತದೆ. ಆದರೆ ಹೆಸರು ಬಿಟ್ಟರೆ ಸ್ಥಳವೂ ಹೋಗುತ್ತದೆಯೇ ಎಂಬ ಅಳುಕು ಉಳಿಯುತ್ತದೆ. ಏಕೆಂದರೆ ಈ ಕಥೆಯ ಬಿಗುವಿನ ಒಂದಂಶ ನೆಲದಲ್ಲಿಯೇ ಇದೆ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರುಗಳು ಹೊರಡುತ್ತವೆ: ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ. ದೇವೀರಿಗೆ ತೇರುಂಟು. ಚಾಮುಂಡಿ ಬೆಟ್ಟದ ಮೇಲಿದ್ದಾಳೆ.