ಜೀಪಿನ ಕಮಾನು ಸೋತಾಗ

ಕೊಡಚಾದ್ರಿಯ ಶಿಖರ ಸಮುದ್ರಮಟ್ಟದಿಂದ 1343 ಮೀಟರ್ ಎತ್ತರದಲ್ಲಿದೆ. ನಡೆದೇ ಏರುವ ಸಾಹಸಿಗಳುಂಟು. ಆದರೆ ಮುದುಕರೂ ಮಕ್ಕಳೂ ಕೂಡಿದ ಸಂಸಾರಗಳಿಗೆ ಕೊಲ್ಲೂರಿನ ಕಡೆಯಿಂದ ಹೊರಡುವ ಬಾಡಿಗೆಯ ಜೀಪೇ ಗತಿ. ಬೆಟ್ಟದ ಮೇಲಿನ ಕಡೆಯ ಹಾದಿಯನ್ನು ರಸ್ತೆಯೆಂದು ಕರೆಯುವುದು ಔದಾರ್ಯದ ಮಾತು. ಮಳೆನೀರು ಕೊರೆದ ಕೆಮ್ಮಣ್ಣಿನ ಕೊರಕಲು, ನಡುನಡುವೆ ತಲೆಯೆತ್ತಿದ ಬಂಡೆ. ಒಂದು ಗಾಲಿ ಗುಂಡಿಯಲ್ಲಿದ್ದರೆ ಇನ್ನೊಂದು ಕಲ್ಲಿನ ಮೇಲೆ. ಒಳಗೆ ಕುಳಿತವರು ಕಂಬಿಯನ್ನು ಬಿಗಿಹಿಡಿದು ಮೂಕಾಂಬಿಕೆಯನ್ನು ನೆನೆಯುತ್ತಿರುವಾಗ, ಅವರ ಭಾರವನ್ನೂ ಬಂಡೆಯ ಪೆಟ್ಟನ್ನೂ ಒಟ್ಟಿಗೆ ಸೈರಿಸುವವು ಯಾರ ಕಣ್ಣಿಗೂ ಬೀಳದೆ ಅಡಿಯಲ್ಲಿರುವ ನಾಲ್ಕು ಉಕ್ಕಿನ ಕಮಾನುಗಳು.

ಇಂಥ ಜೀಪಿನ ಒಡೆಯನೊಬ್ಬ ಒಂದು ಮುಂಜಾನೆ ಅಂಗಳಕ್ಕೆ ಬಂದು ನೋಡುತ್ತಾನೆ. ಖಾಲಿ ನಿಂತ ಗಾಡಿ ಹಿಂಭಾಗದಲ್ಲಿ ಎಡಕ್ಕೆ ವಾಲಿದೆ. ಯಾತ್ರಿಕರು ಹೆಚ್ಚಾಗಿ ಬರುವ ದಿನಗಳು; ಒಂದು ದಿನ ಗಾಡಿ ನಿಂತರೆ ಒಂದು ದಿನದ ಅನ್ನಕ್ಕೆ ಕುಂದು. ಮಗನ ಕಾಲೇಜಿನ ಶುಲ್ಕವನ್ನೂ ಇದೇ ಗಾಡಿ ದುಡಿಯಬೇಕು. ಆತ ನೇರವಾಗಿ ಗ್ಯಾರೇಜಿಗೆ ಹೋಗುತ್ತಾನೆ.

"ಮೇಸ್ತ್ರಿಗಳೇ, ಇದನ್ನು ಬಡಿದು ಎತ್ತಿಕೊಟ್ಟರೆ ಈ ಸೀಸನ್ ದಾಟೀತಾ? ಹೊಸದು ಹಾಕಿಸಲು ಈಗ ಕೈಯಲ್ಲಿ ದುಡ್ಡಿಲ್ಲ."

"ಬಿಚ್ಚಿ ನೋಡದೆ ಎಂತ ಹೇಳುವುದು ಮಾರಾಯ್ರೇ? ವಾಲಿದ್ದು ಕಾಣುತ್ತದೆ. ಬಿರುಕು ಬಿಟ್ಟಿದ್ದರೆ ಹೊರಗಿನಿಂದ ಕಾಣುವುದಿಲ್ಲ."

ದುರಸ್ತಿಯೋ, ಬದಲಾವಣೆಯೋ ಎಂಬ ಪ್ರಶ್ನೆಗೆ ಮೊದಲ ಉತ್ತರ ಮೇಸ್ತ್ರಿಯ ಈ ಎರಡು ಮಾತಿನಲ್ಲಿಯೇ ಅಡಗಿದೆ.

ಕಮಾನಿನ ಕುಲ

ಎಳೆದಷ್ಟೂ ಸ್ಪ್ರಿಂಗು ಅದೇ ಪ್ರಮಾಣದಲ್ಲಿ ಪ್ರತಿಭಟಿಸುತ್ತದೆಂಬ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದನು. 1804ರಲ್ಲಿ ಲಂಡನ್ನಿನ ಸಾರೋಟು ತಯಾರಕ ಒಬಡಾಯ ಎಲಿಯಟ್ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಕಮಾನಿಗೆ ಪೇಟೆಂಟ್ ಪಡೆದನು. ಸಾರೋಟಿನ ಈ ಕಮಾನು ಮುಂದೆ ಮೋಟಾರಿಗೆ ಬಂದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಲ್ಲಿ, ಅಮೆರಿಕದ ವಿಲ್ಲಿಸ್ ಕಂಪನಿ ಸೈನ್ಯಕ್ಕಾಗಿ ತಯಾರಿಸಿದ ಜೀಪಿನ ನಾಲ್ಕು ಮೂಲೆಗಳಲ್ಲಿಯೂ ಇದೇ ಕಮಾನು ಇದ್ದಿತು. ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಮಹೀಂದ್ರ ಸಂಸ್ಥೆ ಜೀಪುಗಳನ್ನು ಭಾರತದಲ್ಲಿ ಜೋಡಿಸತೊಡಗಿತು. ಆ ವಂಶದ ಮೇಜರ್, ಕಮಾಂಡರ್ ಮೊದಲಾದ ಗಾಡಿಗಳ ತಯಾರಿಕೆ ನಿಂತು ವರ್ಷಗಳೇ ಕಳೆದರೂ ಮಲೆನಾಡಿನಲ್ಲಿ ಅವುಗಳ ದುಡಿಮೆ ನಿಂತಿಲ್ಲ. 2020ರಲ್ಲಿ ಬಂದ ಹೊಸ ಥಾರ್ ಗಾಡಿಯ ನಾಲ್ಕು ಗಾಲಿಗಳಿಗೂ ಸುರುಳಿ ಸ್ಪ್ರಿಂಗು ಬಂದಿದೆ; ಹಳೆಯವು ಮಾತ್ರ ಕಮಾನನ್ನೇ ನೆಚ್ಚಿಕೊಂಡಿವೆ.

ಗ್ಯಾರೇಜಿನವರು ಕಮಾನಿನ ಒಂದೊಂದು ಪಟ್ಟಿಯನ್ನೂ ಪ್ಲೇಟು ಎನ್ನುತ್ತಾರೆ. ಎಲ್ಲಕ್ಕಿಂತ ಮೇಲಿನದು, ಉದ್ದವಾದದ್ದು, ಮುಖ್ಯ ಪ್ಲೇಟು. ಅದರ ಎರಡು ತುದಿಗಳನ್ನು ಬಳೆಯಂತೆ ಸುತ್ತಿ, ಒಳಗೆ ಬುಷ್ ಕೂರಿಸಿ, ಗಾಡಿಯ ಚಾಸಿಗೆ ಸಿಕ್ಕಿಸಿರುತ್ತಾರೆ. ಒಂದು ತುದಿಯಲ್ಲಿ ತೂಗುವ ಶ್ಯಾಕಲ್ ಇರುತ್ತದೆ; ಕಮಾನು ಚಪ್ಪಟೆಯಾದಾಗ ಉದ್ದವಾಗಲು ಅದು ಎಡೆಕೊಡುತ್ತದೆ. ಕೆಳಗಿನ ಪ್ಲೇಟುಗಳು ಕ್ರಮವಾಗಿ ಗಿಡ್ಡವಾಗುತ್ತ ಹೋಗುತ್ತವೆ. ಎಲ್ಲವನ್ನೂ ನಡುವೆ ಸೆಂಟರ್ ಬೋಲ್ಟು ಬಂಧಿಸಿದರೆ, ಯು ಬೋಲ್ಟುಗಳು ಆ ಕಟ್ಟನ್ನು ಆಕ್ಸಲಿಗೆ ಬಿಗಿಯುತ್ತವೆ. ಕಮಾನಿನ ಕೆಲಸ ಪೆಟ್ಟು ನುಂಗುವುದಷ್ಟೇ ಅಲ್ಲ. ಆಕ್ಸಲನ್ನು ಅದರ ಸ್ಥಾನದಲ್ಲಿ ಹಿಡಿದಿಡುವುದೂ ಅದೇ. ಆದುದರಿಂದ ಮುಖ್ಯ ಪ್ಲೇಟು ಮುರಿದರೆ ಸವಾರಿಯ ಸುಖ ಕೆಡುವುದರೊಂದಿಗೆ ಆಕ್ಸಲೇ ಜರುಗಿ ಗಾಡಿ ದಾರಿ ತಪ್ಪಬಹುದು.

ಸೋಲು ಬೇರೆ, ಬಿರುಕು ಬೇರೆ

ವರ್ಷಾನುಗಟ್ಟಲೆ ಭಾರ ಹೊತ್ತ ಕಮಾನು ತನ್ನ ಬಾಗನ್ನು ಕಳೆದುಕೊಂಡು ಚಪ್ಪಟೆಯಾಗುತ್ತದೆ. ಇದು ಸೋಲು. ಪ್ಲೇಟುಗಳು ಗಟ್ಟಿಯಾಗಿದ್ದರೆ ಅವನ್ನು ಬಿಚ್ಚಿ, ಪ್ರೆಸ್ಸಿನಲ್ಲಿಟ್ಟು ಹಿಂದಿನ ಬಾಗನ್ನು ಮರಳಿಸಬಹುದು. ಖರ್ಚು ಕಡಿಮೆ, ಸಮಯವೂ ಕಡಿಮೆ. ಆದರೆ ತಣ್ಣಗಿರುವಾಗ ಬಡಿದು ಎತ್ತಿದ ಕಮಾನು ಬಹುಕಾಲ ನಿಲ್ಲುವುದಿಲ್ಲ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಾಗಿಸುವುದು ಇನ್ನೂ ಸೂಕ್ಷ್ಮವಾದ ವಿಷಯ. ಕಾರ್ಖಾನೆಯಲ್ಲಿ ಸ್ಪ್ರಿಂಗಿನ ಉಕ್ಕನ್ನು ಸುಮಾರು 850 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಅನಂತರ ಅದಕ್ಕಿಂತ ಬಹಳ ಕಡಿಮೆ ಶಾಖದಲ್ಲಿ ಮತ್ತೊಮ್ಮೆ ಕಾಯಿಸಿ ಹದಕ್ಕೆ ತಂದಿರುತ್ತಾರೆ. ಅಂದಾಜಿನ ಬೆಂಕಿಯಲ್ಲಿ ಈ ಹದ ತಪ್ಪಿತೆಂದರೆ ಉಕ್ಕು ಮೆತ್ತಗಾಗಿ ಮತ್ತೆ ಸೋಲುತ್ತದೆ, ಇಲ್ಲವೇ ಪೆಡಸಾಗಿ ಗಾಜಿನಂತೆ ಮುರಿಯುತ್ತದೆ.

ಬಿರುಕಿನ ಕಥೆ ಬೇರೆ. ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ 1850 ಮತ್ತು 1860ರ ದಶಕಗಳಲ್ಲಿ ರೈಲುಗಾಡಿಯ ಆಕ್ಸಲುಗಳನ್ನು ಪರೀಕ್ಷಿಸಿ ಒಂದು ಸತ್ಯವನ್ನು ಕಂಡುಕೊಂಡನು: ಒಂದೇ ಸಲಕ್ಕೆ ಮುರಿಯಲಾರದ ಭಾರವೂ ಲಕ್ಷಾಂತರ ಸಲ ಮರಳಿ ಮರಳಿ ಬಿದ್ದರೆ ಲೋಹವನ್ನು ಮುರಿಯಬಲ್ಲದು. ಜೀಪಿನ ಕಮಾನಿಗೆ ಸಂಭವಿಸುವುದೂ ಇದೇ. ಕಮಾನು ಚಪ್ಪಟೆಯಾಗುವಾಗ ಪ್ರತಿ ಪ್ಲೇಟಿನ ಮೇಲ್ಮೈ ಹಿಗ್ಗುತ್ತದೆ. ಬಿರುಕು ಹುಟ್ಟುವುದು ಸಾಮಾನ್ಯವಾಗಿ ಅಲ್ಲಿಯೇ. ಆ ಮೇಲ್ಮೈಯ ಮೇಲೆ ಇನ್ನೊಂದು ಪ್ಲೇಟು ಮಲಗಿರುವುದರಿಂದ ಕೂದಲೆಳೆಯಂಥ ಗೀರು ಮರೆಯಲ್ಲಿಯೇ ಬೆಳೆಯುತ್ತದೆ. ಬಿಚ್ಚಿ, ತಂತಿಯ ಬ್ರಷ್ಷಿನಿಂದ ತುಕ್ಕು ಉಜ್ಜಿ, ಮುಖ್ಯವಾಗಿ ಸೆಂಟರ್ ಬೋಲ್ಟಿನ ರಂಧ್ರದ ಸುತ್ತ ನೋಡಿದಾಗಲೇ ಅದು ಗೋಚರಿಸೀತು. ಅಂಥ ಪ್ಲೇಟಿಗೆ ಮದ್ದಿಲ್ಲ. ವೆಲ್ಡಿಂಗ್ ಮಾಡಿಸಿದರೆ ಬೆಸುಗೆಯ ಅಕ್ಕಪಕ್ಕದ ಉಕ್ಕಿನ ಹದ ಕೆಟ್ಟು, ಮುಂದಿನ ಬಂಡೆಯ ಮೇಲೆ ಅಲ್ಲಿಯೇ ತುಂಡಾಗುತ್ತದೆ.

ತುಕ್ಕನ್ನೂ ಕಡೆಗಣಿಸುವಂತಿಲ್ಲ. ಪ್ಲೇಟಿನ ಬಿಗುಪು ಅದರ ದಪ್ಪದ ಘನಕ್ಕೆ ಅನುಗುಣವಾಗಿರುತ್ತದೆ. 6 ಮಿಲಿಮೀಟರ್ ದಪ್ಪದ ಪ್ಲೇಟು ಸವೆದು 5 ಮಿಲಿಮೀಟರ್ ಆದರೆ ನಷ್ಟ ಆರರಲ್ಲಿ ಒಂದು ಪಾಲೆಂದು ಮನಸ್ಸು ಸಮಾಧಾನಗೊಳ್ಳುತ್ತದೆ. ಲೆಕ್ಕ ಹಾಕಿದರೆ ಉಳಿಯುವ ಬಿಗುಪು ಮೊದಲಿನ ಶೇಕಡ 58 ಮಾತ್ರ!

ಮನೆಯಂಗಳದ ಪರೀಕ್ಷೆ

ಗ್ಯಾರೇಜಿಗೆ ಹೋಗುವ ಮೊದಲೇ ಒಡೆಯನು ಕೆಲವನ್ನು ತಾನೇ ನೋಡಬಹುದು. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಗಾಲಿಯ ನಡುವಿನಿಂದ ಮಡ್ಗಾರ್ಡಿನ ಅಂಚಿನವರೆಗೆ ಎರಡೂ ಬದಿಯಲ್ಲಿ ಅಳೆದರೆ ಯಾವ ಕಡೆ ಎಷ್ಟು ಕುಸಿದಿದೆಯೆಂಬುದು ತಿಳಿಯುತ್ತದೆ. ಮುಂದಿನ ಗಾಲಿಯಿಂದ ಹಿಂದಿನ ಗಾಲಿಗಿರುವ ದೂರವನ್ನೂ ಎರಡೂ ಬದಿಯಲ್ಲಿ ಅಳೆಯಬೇಕು. ವ್ಯತ್ಯಾಸ ಕಂಡರೆ ಸೆಂಟರ್ ಬೋಲ್ಟು ತುಂಡಾಗಿ ಆಕ್ಸಲು ಜರುಗಿರಬಹುದು. ಮೂಲೆಯೊಂದನ್ನು ಬಲವಾಗಿ ಅದುಮಿ ಬಿಟ್ಟಾಗ ಗಾಡಿ ಒಂದೆರಡು ಬಾರಿಗಿಂತ ಹೆಚ್ಚು ಕುಣಿದರೆ ತಪ್ಪು ಕಮಾನಿನದಲ್ಲ, ಶಾಕ್ ಅಬ್ಸಾರ್ಬರಿನದು. ಅದರ ಮೈಮೇಲೆ ಎಣ್ಣೆ ಒಸರಿದ್ದರೆ ಅನುಮಾನವೇ ಬೇಡ. ಕಟಕಟ ಸದ್ದು ಅನೇಕ ವೇಳೆ ಸವೆದ ಬುಷ್ಷಿನ ದೂರು. ಬುಷ್ಷಿನ ರೋಗಕ್ಕೆ ಕಮಾನನ್ನೇ ಬದಲಿಸುವುದು ಮೂಗಿನ ನೆಗಡಿಗೆ ತಲೆ ಕೊಯ್ಯುವ ಚಿಕಿತ್ಸೆ.

ಇಷ್ಟನ್ನು ತಿಳಿದರೆ ತೀರ್ಮಾನ ಸುಲಭವಾಗುತ್ತದೆ. ಬುಷ್, ಶ್ಯಾಕಲ್ಲಿನ ಪಿನ್ನು, ಯು ಬೋಲ್ಟು, ಶಾಕ್ ಅಬ್ಸಾರ್ಬರು ಸವೆಯಲೆಂದೇ ಇರುವ ಅಂಗಗಳು. ಅವುಗಳ ವಿಷಯದಲ್ಲಿ ಜಿಪುಣತನ ಸಲ್ಲದು. ಕೆಳಗಿನ ಗಿಡ್ಡ ಪ್ಲೇಟೊಂದು ಮುರಿದು ಉಳಿದವು ಗಟ್ಟಿಯಾಗಿದ್ದರೆ ಅದೊಂದನ್ನೇ ಬದಲಿಸಿ ಕೆಲಕಾಲ ಓಡಿಸಬಹುದು. ಮುಖ್ಯ ಪ್ಲೇಟು ಬಿರಿದಿದ್ದರೆ, ಹಲವು ಪ್ಲೇಟುಗಳನ್ನು ತುಕ್ಕು ತಿಂದಿದ್ದರೆ, ಒಮ್ಮೆ ಎತ್ತಿಸಿದ ಕಮಾನು ಮತ್ತೆ ಕುಸಿದಿದ್ದರೆ ಹೊಸದೇ ಸರಿ. ಅದೂ ಒಂದು ಬದಿಗೆ ಮಾತ್ರವಲ್ಲ. ಒಂದೇ ಆಕ್ಸಲಿನ ಎರಡು ಬದಿಗೂ. ಇಲ್ಲವಾದರೆ ಎಡಕ್ಕೆ ವಾಲುತ್ತಿದ್ದ ಗಾಡಿ ಬಲಕ್ಕೆ ವಾಲೀತು, ಅಷ್ಟೇ. ಅಗ್ಗವೆಂದು ಕಾಣುವ ದುರಸ್ತಿಯ ಬೆಲೆಯೊಡನೆ ಬಿಚ್ಚಿ ಕಟ್ಟುವ ಕೂಲಿಯನ್ನೂ, ಗಾಡಿ ನಿಂತ ದಿನಗಳ ಬಾಡಿಗೆಯನ್ನೂ ಕೂಡಿಸಬೇಕು. ಒಂದೇ ಕೆಲಸವನ್ನು ಮೂರು ಸಲ ಮಾಡಿಸಿದವನು ಕೊನೆಗೆ ಹೊಸದರ ಹಣವನ್ನು ಕಂತಿನಲ್ಲಿ ಕೊಟ್ಟಂತೆಯೇ.

ಎತ್ತರದ ಮೋಹ

ಬದಲಿಸುವುದೇ ಆದರೆ ಇನ್ನಷ್ಟು ಎತ್ತರದ, ಬಿಗಿಯಾದ ಕಮಾನನ್ನೇಕೆ ಹಾಕಿಸಬಾರದೆಂಬ ಆಸೆ ತರುಣರಿಗೆ ಸಹಜ. ಎತ್ತರಿಸಿದ ಜೀಪು ನೋಡಲು ಗಂಭೀರ. ಆದರೆ ಭಾರದ ಕೇಂದ್ರ ಮೇಲೇರಿದಷ್ಟೂ ಇಳಿಜಾರಿನ ತಿರುವಿನಲ್ಲಿ ಮಗುಚುವ ಭಯ ಹೆಚ್ಚು. ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಿ ಅದರ ಕೀಲುಗಳು ಬೇಗ ಸವೆಯುತ್ತವೆ. ಬ್ರೇಕಿನ ಕೊಳವೆ ಎಳೆದಂತಾಗುತ್ತದೆ. ಇದಲ್ಲದೆ, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣ ವಿಧಿಸುತ್ತದೆ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಬಾಡಿಗೆಯ ಗಾಡಿಗೆ ಮೂಲದ ಅಳತೆಯ ಕಮಾನೇ ಕ್ಷೇಮ.

ಮತ್ತೆ ಗ್ಯಾರೇಜಿಗೆ ಹೋದರೆ, ಮೇಸ್ತ್ರಿ ಕಟ್ಟನ್ನು ಬಿಚ್ಚಿ ಪ್ಲೇಟುಗಳನ್ನು ನೆಲದ ಮೇಲೆ ಸಾಲಾಗಿ ಹರಡಿದ್ದಾನೆ. ಮುಖ್ಯ ಪ್ಲೇಟಿನ ನಡುವೆ, ಬೋಲ್ಟಿನ ರಂಧ್ರದ ಬಳಿ, ಉಗುರಿನಿಂದ ಎಳೆದಂಥ ಒಂದು ಗೀರು. ಮೇಸ್ತ್ರಿ ಮಾತನಾಡದೆ ಅದನ್ನು ಬೆರಳಿನಿಂದ ತೋರಿಸುತ್ತಾನೆ. ಒಡೆಯನು ಬಹಳ ಹೊತ್ತು ಅದನ್ನೇ ನೋಡುತ್ತ ನಿಲ್ಲುತ್ತಾನೆ. ನಿನ್ನೆ ಇದೇ ಗಾಡಿಯ ಹಿಂದಿನ ಸೀಟಿನಲ್ಲಿ ಒಂದು ಬಾಣಂತಿ, ಅವಳ ಮಡಿಲಲ್ಲಿ ಕೂಸು ಕುಳಿತಿದ್ದುದು ಅವನ ನೆನಪಿಗೆ ಬರುತ್ತದೆ.

"ಹಿಂದಿನ ಎರಡೂ ಹೊಸದು ಹಾಕಿಬಿಡಿ. ಮುಂದಿನದಕ್ಕೆ ಬುಷ್ ಸಾಕಾ?"

"ಸಾಕು. ಮುಂದಿನ ಪ್ಲೇಟು ಇನ್ನೂ ಗಟ್ಟಿ ಉಂಟು."

ಹಣ ಸಾಲವಾಗಿ ಬರುತ್ತದೆ. ಮಗನ ಶುಲ್ಕ ಒಂದು ತಿಂಗಳು ಮುಂದೆ ಹೋಗುತ್ತದೆ. ಕಳಚಿದ ಪ್ಲೇಟುಗಳೂ ವ್ಯರ್ಥವಾಗುವುದಿಲ್ಲ. ಗಾಡಿಯ ಕಮಾನಿನ ಉಕ್ಕು ಕಮ್ಮಾರನಿಗೆ ಬಲು ಪ್ರಿಯವಾದದ್ದು. ಬಿರುಕಿನ ಭಾಗವನ್ನು ಕತ್ತರಿಸಿ ತೆಗೆದು, ಉಳಿದುದನ್ನು ಕುಲುಮೆಯಲ್ಲಿ ಕಾಯಿಸಿ ತಟ್ಟಿದರೆ ತೋಟದ ಕೆಲಸಕ್ಕೊಂದು ಒಳ್ಳೆಯ ಕತ್ತಿಯಾಗುತ್ತದೆ. ಜನರನ್ನು ಹೊರುವ ಕೆಲಸದಿಂದ ನಿವೃತ್ತಿ ಪಡೆದ ಉಕ್ಕಿಗೆ ಅದಕ್ಕಿಂತ ಗೌರವದ ವೃದ್ಧಾಪ್ಯ ಬೇರೇನಿದೆ?