ಅಬಲೂರಿನ ಕಲ್ಲಿನಲ್ಲಿ ಎಣ್ಣೆ ಇದೆಯೇ?

ಪ್ರಶ್ನೆ: ಎಸ್ಟೋನಿಯಾದಲ್ಲಿ ಕಲ್ಲು ಕಾಯಿಸಿ ಎಣ್ಣೆ ತೆಗೆಯುತ್ತಾರಂತೆ. ನಮ್ಮ ಕಡೆಯ ಪದರಗಲ್ಲಿನಲ್ಲೂ ಎಣ್ಣೆ ಇದ್ದೀತೇ?
– ಓದುಗರೊಬ್ಬರು, ಅಬಲೂರು

ಉತ್ತರ: ಇಲ್ಲ. ನಿಮ್ಮ ಹಿರೇಕೆರೂರು ಸೀಮೆಯ ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು. ನೆಲದಾಳದ ಕಾವು, ಒತ್ತಡಕ್ಕೆ ಸಿಕ್ಕಿ ಮಾರ್ಪಟ್ಟದ್ದರಿಂದ ಅದರಲ್ಲಿ ಎಣ್ಣೆ ಉಳಿದಿಲ್ಲ. ಎಸ್ಟೋನಿಯಾದ ಎಣ್ಣೆಗಲ್ಲು ಕುಕರ್ಸೈಟ್ ಸುಮಾರು 45 ಕೋಟಿ ವರ್ಷದ ಹಿಂದೆ ಸಮುದ್ರದ ಸೂಕ್ಷ್ಮಜೀವಿಗಳು ಕೆಸರಿನಲ್ಲಿ ಹೂತು ಆದ ಕಲ್ಲು. ಕಂದುಬಣ್ಣ, ಹಗುರ, ಕಿಚ್ಚಿಟ್ಟರೆ ಹೊತ್ತಿಕೊಳ್ಳುತ್ತದೆ. ಗಾಳಿಯಾಡದ ಕುಲುಮೆಯಲ್ಲಿ ಸುಮಾರು 500 ಡಿಗ್ರಿ ಕಾಯಿಸಿದರೆ ಎಣ್ಣೆಯ ಆವಿ ಏಳುತ್ತದೆ. ಅಲ್ಲಿ 1916ರಿಂದ ಗಣಿಗಾರಿಕೆ ನಡೆದಿದೆ. ಕೊಹ್ಟ್ಲಾ-ಯಾರ್ವೆ ಪಟ್ಟಣ ಬೆಳೆದದ್ದೇ ಈ ಕಲ್ಲಿನಿಂದ. ಎಣ್ಣೆಯ ಜೊತೆಗೆ ಅಂಟು, ರಾಳಗಳಿಗೆ ಬೇಕಾದ ಫೀನಾಲ್‌ಗಳೂ ಸಿಗುತ್ತವೆ. ಉಳಿಯುವ ಬೂದಿಯದೇ ದೊಡ್ಡ ದೊಡ್ಡ ಗುಡ್ಡಗಳಾಗಿವೆ.

ಅಲ್ಲಿ ಉದ್ಯಮ ಕಲ್ಲಿನ ಮೇಲೆ ನಿಂತರೆ, ನಿಮ್ಮ ಜಿಲ್ಲೆಯ ದೊಡ್ಡ ರಾಸಾಯನಿಕ ಉದ್ಯಮ ನಿಂತದ್ದು ಮರದ ಮೇಲೆ. ತುಂಗಭದ್ರೆಯ ದಡದ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಮರದ ತಿರುಳು ತೆಗೆದು ನೂಲಿನ ಎಳೆಗೆ ಒದಗಿಸುತ್ತದೆ. ಆ ಮರಕ್ಕಾಗಿ 1984ರಲ್ಲಿ ಸರ್ಕಾರ ಮತ್ತು ಕಾರ್ಖಾನೆ ಸೇರಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಕಟ್ಟಿದವು. ದನ ಮೇಯುವ ಊರೊಟ್ಟಿನ ಜಾಗಕ್ಕೆ ನೀಲಗಿರಿ ಬಂತು. 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ರೈತರು ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಹೂಡಿ, ನೀಲಗಿರಿ ಸಸಿ ಕಿತ್ತು, ಊರಿಗೆ ಉಪಯೋಗವಾಗುವ ಗಿಡ ನೆಟ್ಟರು. ಜನ ಸೋಲಲಿಲ್ಲ: 1991ರಲ್ಲಿ ಆ ಕಂಪನಿಯೇ ಮುಚ್ಚಿತು.