ಸವದತ್ತಿಯ ಕಡಲ ದಂಡೆ

ಸವದತ್ತಿಯ ಗುಡ್ಡ ಒಂದು ಕಾಲಕ್ಕೆ ಕಡಲ ದಂಡೆಯ ಉಸುಕಾಗಿತ್ತು! ಸಮುದ್ರ ಇರುವುದು 100 ಕಿಲೋಮೀಟರಿಗೂ ಆಚೆ, ಸುತ್ತಲೂ ಎರೆಹೊಲ, ಜೋಳ, ಹತ್ತಿ. ಇಲ್ಲೆಲ್ಲಿಯ ಕಡಲು ಅಂತೀರಾ? ನವಿಲುತೀರ್ಥದ ಕಡೆ ಹೋಗಿ ಹಾಸುಬಂಡೆಗಳನ್ನು ಹುಡುಕಿ, ಇಳಿಬಿಸಿಲಿನಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿ. ಕಲ್ಲಿನ ಮೈಮೇಲೆ ಸಾಲುಸಾಲು ಏರು-ತಗ್ಗು. ನೀರು ಆಡಿದ ಉಸುಕಿನ ಮೇಲೆ ಉಳಿಯುವ ಅದೇ ಗುರುತು! ಏಣಿನ ಎರಡೂ ಬದಿ ಒಂದೇ ಸಮ ಇಳಿದಿದ್ದರೆ ಅಲೆ ಹಿಂದೆ-ಮುಂದೆ ತುಯ್ದಾಡಿದೆ. ಒಂದು ಬದಿ ಕಡಿದಾಗಿದ್ದರೆ ನೀರು ಆ ಬದಿಯತ್ತಲೇ ಹರಿದಿದೆ. ನೂರು ಕೋಟಿ ವರ್ಷಕ್ಕೂ ಹಿಂದಿನ ಹರಿವಿನ ದಿಕ್ಕನ್ನು ಬೆರಳಾಡಿಸಿಯೇ ಹೇಳಬಹುದು!

ಆ ಉಸುಕಿನ ಮೇಲೆ ಮತ್ತೆ ಮತ್ತೆ ಉಸುಕು ಬಿತ್ತು, ಹೊರೆ ಒತ್ತಿತು, ಕಣಗಳ ಸಂದಿಗೆ ಸಿಲಿಕಾ ಇಳಿದು ಬೆಸೆಯಿತು. ಭೂವಿಜ್ಞಾನಿಗಳು ಅದನ್ನು ಕರೆಯುವುದೇ ಸವದತ್ತಿ ಕ್ವಾರ್ಟ್ಜೈಟ್ ಎಂದು, ಅದು ಸೇರಿದ ಸ್ತರದ ಹೆಸರು ರಾಮದುರ್ಗ, ಇಡೀ ಬಳಗದ್ದು ಕಲಾದಗಿ. ನಮ್ಮ ತಾಲ್ಲೂಕುಗಳು ಭೂಮಿಯ ಚರಿತ್ರೆಯ ಪುಟಗಳಲ್ಲಿವೆ, ನಮಗೇ ಗೊತ್ತಿಲ್ಲ! ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯ ಕಲ್ಲುಗಳ ಬಗ್ಗೆ ಬರೆದ ಹೊತ್ತಗೆ 1876ರಲ್ಲೇ ಅಚ್ಚಾಗಿತ್ತು.

ಉಡುಪಿ ಹತ್ತಿರ ಕಾಪುವಿನ ಕಡಲಬಂಡೆಯ ಮೇಲೆ 1901ರಿಂದ ದೀಪಸ್ತಂಭ ನಿಂತಿದೆ. ಸವದತ್ತಿಯ ಕಡಲಿಗೆ ದೀಪ ಯಾರಿಗೆ ಬೇಕಿತ್ತು? ಹಡಗಿಲ್ಲ, ಮೀನಿಲ್ಲ, ಏಡಿಯಿಲ್ಲ, ದಂಡೆಯ ಮೇಲೆ ಹುಲ್ಲುಕಡ್ಡಿಯೂ ಇಲ್ಲ. ಬೆಳಕು ಕಾಣುವ ಕಣ್ಣೇ ಈ ಲೋಕದಲ್ಲಿ ಇನ್ನೂ ಹುಟ್ಟಿರಲಿಲ್ಲ!

ಇಂಥ ಗಟ್ಟಿ ಗುಡ್ಡವನ್ನು ಮಲಪ್ರಭೆ ಸುತ್ತುಹಾಕಿ ಹೋಗಬಹುದಿತ್ತು. ಕಣಕುಂಬಿಯಲ್ಲಿ ಹುಟ್ಟಿದ ಹೊಳೆ ಇಲ್ಲಿ ನಡುವೆಯೇ ಸೀಳಿಕೊಂಡು ನುಗ್ಗಿದೆ. ಆ ಇಕ್ಕಟ್ಟಿಗೇ ಅಣೆಕಟ್ಟು ಕಟ್ಟಿ ರೇಣುಕಾ ಸಾಗರ ನಿಲ್ಲಿಸಿದರು. ಹೆಸರಿಗಾದರೂ ಸಾಗರ ಮರಳಿ ಬಂತಲ್ಲ! ಭಾರತ ಹುಣ್ಣಿಮೆಗೆ ಚಕ್ಕಡಿ ಹೂಡಿಕೊಂಡು, ಉದೋ ಉದೋ ಎನ್ನುತ್ತ ಎಲ್ಲಮ್ಮನ ಗುಡ್ಡಕ್ಕೆ ಬರುವವರ ಕಾಲಡಿ ಇರುವುದೂ ಇದೇ ಕಲ್ಲಾದ ಉಸುಕು.

ರಾಮದುರ್ಗ ದಾಟಿ ಲೋಕಾಪುರದ ಕಡೆ ಹೋದರೆ ಬೆರಗು ಇನ್ನೂ ಹೆಚ್ಚು. ಅಲ್ಲಿ ಆ ಕಡಲಿನ ಸುಣ್ಣದಕಲ್ಲಿದೆ, ಅದರಲ್ಲಿ ಪದರಪದರವಾಗಿ ಉಬ್ಬಿದ ಸ್ಟ್ರೊಮಾಟೊಲೈಟುಗಳಿವೆ. ಅಂದಿನ ಆಳವಿಲ್ಲದ ನೀರಿನಲ್ಲಿ ಬದುಕಿದ್ದ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಕಟ್ಟಿದ ಮನೆಗಳವು. ಬಾಗಲಕೋಟೆ ಸೀಮೆಯ ಸಿಮೆಂಟ್ ಕಾರ್ಖಾನೆಗಳು ಅರೆಯುವುದು ಇದೇ ಬಳಗದ ಸುಣ್ಣದಕಲ್ಲನ್ನು. ಬೈಲಹೊಂಗಲದ ಹೊಸ ಮನೆಯ ಗಿಲಾವಿನಲ್ಲೂ ಆ ಕಡಲಿನ ಚೂರು ಇದ್ದೀತು!